ಬಾವಿಯ ನೀರು, ಗೇರಿನ ಹೂ, ಜೇನುಹುಳು



ಗೇರುಮರ ಚಿಗುರಿ ಹೂ ಬಿಡುವ ಕಾಲ ಹತ್ತಿರ ಬಂತು. ಬ್ರಹ್ಮಾವರದಿಂದ ಬೈಂದೂರಿನ ತನಕ ಎಲ್ಲಿ ನೋಡಿದರೂ ಗುಡ್ಡೆಯ ಮೇಲೆ ಗೇರು, ಬೆಟ್ಟಿನಲ್ಲಿ ತೆಂಗು, ಬೈಲಿನಲ್ಲಿ ಭತ್ತ, ಅಂಗಳದ ಬದಿಗೆ ಒಂದು ಬಾವಿ. ಇನ್ನು ಸ್ವಲ್ಪ ದಿನಕ್ಕೆ ಮದ್ದಿನ ಪಂಪು ಹೆಗಲಿಗೇರುತ್ತದೆ. ಮದ್ದು ಹೊಡೆಯುವುದು ಹೇಗೆಂದು ನಿಮಗೆ ಗೊತ್ತೇ ಉಂಟು. ಹೊಡೆದ ಮದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ, ಅದನ್ನು ಹುಡುಕುವ ರಸಾಯನಶಾಸ್ತ್ರಜ್ಞರು ಹೇಗೆ ಹುಡುಕುತ್ತಾರೆ, ಈ ಹೊತ್ತು ಅದನ್ನಿಷ್ಟು ಮಾತನಾಡೋಣ.

ಮೊದಲಿಗೆ ಪಡ್ರೆಯ ಕತೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಈ ಗ್ರಾಮವಿದೆ. ಕನ್ನಡ, ತುಳು ಆಡುವ ಊರು. ನಮ್ಮ ಹಾಗೆಯೇ ಅಡಿಕೆ, ತೆಂಗು, ಗೇರು. ಗುಡ್ಡೆಗೆ ಸುರಂಗ ಕೊರೆದು, ಅದರಿಂದ ಇಳಿಯುವ ನೀರನ್ನು ಕುಡಿಯುವ ಜನ. ಮೇಲಿನ ಗುಡ್ಡೆಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟ. ಚಹಾ ಸೊಳ್ಳೆಯ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದ ಡಿಸೆಂಬರಿನ ತನಕ, ವರುಷಕ್ಕೆ ಎರಡು ಮೂರು ಸಲ, ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಮೇಲೆ, ಮನೆ ಕೆಳಗೆ, ನೀರು ಮೇಲಿನಿಂದ ಕೆಳಗೆ. ಗಾಳಿಗೆ ತೋಟದ ಗಡಿ ಗೊತ್ತಿರುತ್ತದೆಯೆ?

1979ರಷ್ಟು ಹಿಂದೆಯೇ ಅಲ್ಲಿ ಕಾಲು ಸೊಟ್ಟಾದ ಕರುಗಳು ಹುಟ್ಟಿದವು. ಪತ್ರಕರ್ತರಾದ ಶ್ರೀಪಡ್ರೆಯವರು ಆಗಲೇ ಸಂಶಯಪಟ್ಟು ಬರೆದರು. ಮೀನು ಸತ್ತವು, ಜೇನು ಕಡಮೆಯಾಯಿತು ಎಂದು ಊರವರು ಹೇಳಿದರು. ವಾಣೀನಗರದಲ್ಲಿ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು, ಇಷ್ಟು ಚಿಕ್ಕ ಊರಿನಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಅಂಗವೈಕಲ್ಯ ಇಷ್ಟೇಕೆ ಎಂದು ಮನೆಮನೆಯ ಲೆಕ್ಕ ಬರೆದಿಟ್ಟರು. ಕೇಳಿದವರು ಯಾರು? ಹಳ್ಳಿಯವರ ಕಣ್ಣಿಗೆ ಕಂಡದ್ದು ಸಾಕ್ಷಿಯಲ್ಲವಂತೆ, ಅಂಕಿ ಬೇಕಂತೆ.

ಅಂಕಿ ಬಂದದ್ದು ರಸಾಯನಶಾಸ್ತ್ರಜ್ಞರ ಕೈಯಿಂದ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪ್ರಯೋಗಶಾಲೆ ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಹಾಲುಗಳನ್ನು ಪರೀಕ್ಷಿಸಿ ವಿಷದ ಶೇಷ ಉಂಟೆಂದು ಹೇಳಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿಯ 117 ಹುಡುಗರನ್ನೂ, ಮದ್ದು ಬೀಳದ ಬೇರೆ ಊರಿನ 90 ಹುಡುಗರನ್ನೂ ಹೋಲಿಸಿ ನೋಡಿ, 2003ರಲ್ಲಿ ಪ್ರಕಟಿಸಿದರು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಗೆ 7.47 ಪಾಲು, ಬೇರೆ ಊರಿನವರಲ್ಲಿ 1.37 ಪಾಲು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ರಕ್ತದಲ್ಲಿ ಮದ್ದು ಇತ್ತೆಂಬುದನ್ನು ಮರೆಯಬೇಡಿ.

ಇದು ಕೇರಳದ ಮಾತು, ನಮಗೇನು ಎನ್ನುವ ಹಾಗಿಲ್ಲ. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳಿಗೂ ಇದೇ ಮದ್ದು ಆಕಾಶದಿಂದ ಬಿತ್ತು. ದಕ್ಷಿಣ ಕನ್ನಡದ ಜೊತೆಗೆ ನಮ್ಮ ಉಡುಪಿ ಜಿಲ್ಲೆಯಲ್ಲೂ, ಉತ್ತರ ಕನ್ನಡದಲ್ಲೂ ಸರಕಾರ ಪೀಡಿತರನ್ನು ಗುರುತಿಸಿದೆ. 2011ರ ಏಪ್ರಿಲಿನಲ್ಲಿ ಲೋಕದ ರಾಷ್ಟ್ರಗಳು ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಇದನ್ನು ಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ಮೇ 13ಕ್ಕೆ ನಮ್ಮ ಸುಪ್ರೀಂ ಕೋರ್ಟು ತಯಾರಿ, ಮಾರಾಟ, ಬಳಕೆ ಮೂರನ್ನೂ ನಿಲ್ಲಿಸಿತು. ಕರು ಸೊಟ್ಟಾಗಿ ಹುಟ್ಟಿದ ವರುಷದಿಂದ ಎಣಿಸಿದರೆ ಮೂವತ್ತೆರಡು ವರುಷ.

ಇನ್ನು, ನೂರು ಕೋಟಿಯಲ್ಲಿ ಒಂದು ಪಾಲನ್ನು ಹುಡುಕುವುದು ಹೇಗೆ? ಹೆಂಗಸರಿಗೆ ಇದನ್ನು ಬೇಗ ಹೇಳಬಹುದು. ಮಲ್ಲಿಗೆ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿಟ್ಟರೆ ಪರಿಮಳ ಎಣ್ಣೆಗೆ ಇಳಿಯುತ್ತದಲ್ಲ, ಹಾಗೆಯೇ ಬಾವಿಯ ನೀರನ್ನು ಹೆಕ್ಸೇನ್ ಎಂಬ ದ್ರವದ ಜೊತೆಗೆ ಕುಲುಕಿದರೆ ಮದ್ದು ನೀರನ್ನು ಬಿಟ್ಟು ಅದಕ್ಕೆ ಸೇರಿಕೊಳ್ಳುತ್ತದೆ. ಆ ದ್ರವವನ್ನು ಆರಿಸಿ ಆರಿಸಿ ಕೆಲವು ಹನಿಗೆ ತರುತ್ತಾರೆ. ಒಂದು ಹನಿಯನ್ನು ಕೂದಲಿನಷ್ಟು ಸಪೂರದ, ಮೂವತ್ತು ಮೀಟರಿನಷ್ಟು ಉದ್ದದ, ಸುರುಳಿ ಸುತ್ತಿದ ಬಿಸಿ ನಳಿಗೆಯಲ್ಲಿ ಹರಿಯಬಿಡುತ್ತಾರೆ. ಸಂತೆ ಮುಗಿಸಿ ಎಲ್ಲರೂ ಒಟ್ಟಿಗೆ ಹೊರಟರೂ ಬೀಸುನಡಿಗೆಯವರು ಮೊದಲು, ಮಾತಿಗೆ ನಿಲ್ಲುವವರು ಆಮೇಲೆ ಮನೆ ಸೇರುತ್ತಾರೆ ನೋಡಿ, ಹಾಗೆ ಒಂದೊಂದು ಪದಾರ್ಥ ಒಂದೊಂದು ನಿಮಿಷಕ್ಕೆ ಆ ತುದಿಗೆ ಬರುತ್ತದೆ. ಬಂದ ಹೊತ್ತು ನೋಡಿದರೆ ಹೆಸರು ತಿಳಿಯಿತು. ತುದಿಯಲ್ಲಿ ಕ್ಲೋರಿನ್ ಇರುವ ಪದಾರ್ಥವನ್ನು ಬಲು ಸೂಕ್ಷ್ಮವಾಗಿ ಹಿಡಿಯುವ ಒಂದು ಯಂತ್ರವಿರುತ್ತದೆ. ಅದನ್ನು 1957ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಮಾಡಿದರು. ಅದು ಬರುವ ತನಕ, ಇಷ್ಟು ಸಣ್ಣ ಶೇಷ ಎಲ್ಲೆಲ್ಲಿದೆಯೆಂದು ತೋರಿಸುವುದೇ ಕಷ್ಟವಾಗಿತ್ತು.

ಹುಡುಕುವವನಿಗೆ ಇಲ್ಲೊಂದು ಮೋಸ ಉಂಟು. ಎಂಡೋಸಲ್ಫಾನ್ ಮಣ್ಣಿಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪಕ್ಕೆ ತಿರುಗಿಸುತ್ತವೆ. ವಿಷ ಅಷ್ಟೇ, ಬಾಳಿಕೆ ಹೆಚ್ಚು. ಮೊದಲಿನ ರೂಪವನ್ನು ಮಾತ್ರ ಹುಡುಕಿದವನು ಏನೂ ಇಲ್ಲ ಎಂದು ಬರೆದುಬಿಡುತ್ತಾನೆ. ಅಂಗಿ ಬದಲಿಸಿದ ಕಳ್ಳನನ್ನು ಬಿಟ್ಟುಕಳುಹಿದ ಹಾಗೆ. ಪರೀಕ್ಷೆಯ ವರದಿ ಕೈಗೆ ಬಂದಾಗ ಯಾವ ಯಾವ ಹೆಸರನ್ನು ಹುಡುಕಿದ್ದಾರೆಂದು ಕೇಳಬೇಕಾದ್ದು ಇದಕ್ಕಾಗಿ.

ಈಗ ನಮ್ಮ ಬಾವಿಗೆ ಬನ್ನಿ. ಮೂರು ಮೀಟರು ಅಗಲದ ದುಂಡು ಬಾವಿಯಲ್ಲಿ ಮೂರೂವರೆ ಮೀಟರು ನೀರು ನಿಂತಿದ್ದರೆ ಸುಮಾರು 25 ಸಾವಿರ ಲೀಟರು. ನೂರಕ್ಕೆ 35 ಪಾಲಿನ ಹಳೆಯ ಎಂಡೋಸಲ್ಫಾನ್ ಎಣ್ಣೆ ಒಂದು ಮಿಲಿಲೀಟರಿನಲ್ಲಿ 350 ಮಿಲಿಗ್ರಾಂ ವಿಷ ಇರುತ್ತಿತ್ತು. ಅದಷ್ಟೂ ಬಾವಿಯಲ್ಲಿ ಬೆರೆತರೆ ನೂರು ಕೋಟಿಗೆ 14 ಪಾಲಾಯಿತು. ಕುಡಿಯುವ ನೀರಿನಲ್ಲಿ ಇದಕ್ಕೆ ಭಾರತೀಯ ಮಾನಕ ಇಟ್ಟ ಮಿತಿ ನೂರು ಕೋಟಿಗೆ 0.4 ಪಾಲು. ಅಂದರೆ ಚಹಾ ಚಮಚದ ಐದರಲ್ಲೊಂದು ಪಾಲಿಗೆ ಇಡೀ ಬಾವಿ ಮಿತಿಯ ಮೂವತ್ತೈದು ಪಟ್ಟು! ಬಣ್ಣ ಕಾಣುವುದಿಲ್ಲ, ರುಚಿ ತಿಳಿಯುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ. ಕುದಿಸಿ ಮದ್ದನ್ನು ಕಳೆದೆವೆಂದು ನಂಬಬೇಡಿ.

ಪಂಪನ್ನು ಬಾವಿಕಟ್ಟೆಯ ಮೇಲೆ ತೊಳೆಯುವುದನ್ನು ನೀವು ನೋಡಿದ್ದೀರಿ. ನಾನೂ ಎಳೆ ಪ್ರಾಯದಲ್ಲಿ ತೊಳೆದವನೇ. ನೀರು ಹತ್ತಿರ, ಕೊಡಪಾನ ಕೈಯಲ್ಲಿ, ಇನ್ನೆಲ್ಲಿಗೆ ಹೋಗುವುದು ಎಂದು. ಅಮ್ಮ ಬೈದರು, ಆದರೆ ಕಟ್ಟೆ ಗಲೀಜಾಯಿತೆಂದು ಬೈದದ್ದು. ಕೆಳಗಿನ ಮುರಕಲ್ಲು ತೂತುತೂತಿನ ಕಲ್ಲೆಂದೂ, ಮೇಲೆ ಚೆಲ್ಲಿದ್ದು ಬೇಗ ಕೆಳಗಿಳಿಯುತ್ತದೆಂದೂ ಇಬ್ಬರಿಗೂ ಹೊಳೆದಿರಲಿಲ್ಲ. ತೋಡಿನಲ್ಲಿ ತೊಳೆದರೂ ಲೆಕ್ಕ ತಪ್ಪುವುದಿಲ್ಲ. ನಮ್ಮ ತೋಡು ಸೀತೆಗೋ ಸ್ವರ್ಣೆಗೋ ಸೇರುತ್ತದೆ, ಎರಡೂ ಕೂಡಿ ಸಮುದ್ರಕ್ಕೆ. ನಡುವೆ ಮೀನು ಹಿಡಿಯುವವರೂ ಚಿಪ್ಪು ಹೆಕ್ಕುವವರೂ ಇದ್ದಾರೆ. ಪಂಪು ತೊಳೆದ ನೀರನ್ನು ಮದ್ದು ಹೊಡೆದ ತೋಟದಲ್ಲೇ, ಬಾವಿಯಿಂದಲೂ ತೋಡಿನಿಂದಲೂ ದೂರಕ್ಕೆ, ಒಣ ಮಣ್ಣಿನ ಮೇಲೆ ಹರಡಿ ಚೆಲ್ಲಿ. ಖಾಲಿ ಡಬ್ಬಿಯನ್ನು ಮೂರು ಸಲ ಪಂಪಿನೊಳಕ್ಕೇ ತೊಳೆದು, ತೂತು ಮಾಡಿ. ಅಡುಗೆಮನೆಗೆ ಮಾತ್ರ ತರಲೇಬೇಡಿ.

ಮಣ್ಣಿನ ಮಾತಿಗೆ ಬಂದರೆ, ಎಲ್ಲ ಮದ್ದೂ ಒಂದೇ ಜಾತಿಯಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದನ್ನು ಮೈಸೂರಿನಲ್ಲಿ ಡಾ. ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟು ನೂರು ವರುಷ ದಾಟಿತು. ಅದು ತೋಟಗಳನ್ನು ಉಳಿಸಿದೆ. ಬಿಡಿ ಎಂದು ನಾನು ಹೇಳುವವನಲ್ಲ. ಆದರೆ ಒಂದು ಕಿಲೋ ಮೈಲುತುತ್ತಿನಲ್ಲಿ ಕಾಲು ಕಿಲೋ ತಾಮ್ರ. ತಾಮ್ರ ಕೊಳೆಯುವುದಿಲ್ಲ, ಬೇರೆ ಪದಾರ್ಥವಾಗಿ ಮಾಯವಾಗುವುದಿಲ್ಲ; ಅಜ್ಜ ಬಿಟ್ಟದ್ದರ ಬಹುಪಾಲು ಇನ್ನೂ ಅಲ್ಲೇ ಉಂಟು. ಸಾಧಾರಣ ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಎಂದು ಹೇಳಿದರೆ ಆಯಿತು. ಕ್ರಿಮಿನಾಶಕದ ಶೇಷ ಮಾತ್ರ ಆ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ. ಅದು ಬೇರೆ ಯಂತ್ರ, ಬೇರೆ ಖರ್ಚು.

ಕೊನೆಗೆ ಜೇನು. ನಮ್ಮ ತುಡುವೆ ಜೇನು ಗೂಡಿನಿಂದ ಒಂದು ಒಂದೂವರೆ ಕಿಲೋಮೀಟರು ಸುತ್ತ ತಿರುಗಿ ಹೂವು, ನೀರು, ಅಂಟು ಎಲ್ಲವನ್ನೂ ಮುಟ್ಟಿ ಬರುತ್ತದೆ. ಮೈಯ ರೋಮಕ್ಕೆ ಧೂಳು ಅಂಟುತ್ತದೆ. ಇಟಲಿಯ ಬೊಲೊನ್ಯಾದಲ್ಲಿ ಜೋರ್ಜೋ ಚೆಲ್ಲಿ ಎಂಬ ವಿಜ್ಞಾನಿ, ಊರಿನ ವಿಷವನ್ನು ತಿಳಿಯಲು ಇಂಥ ಹುಳುಗಳನ್ನೇ ಪರೀಕ್ಷಿಸಿದರು. ಸಾವಿರ ಕಡೆ ಮಾದರಿ ತೆಗೆಯುವ ಆಳುಗಳನ್ನು ಸಂಬಳವಿಲ್ಲದೆ ಇಟ್ಟುಕೊಂಡ ಹಾಗೆ. ಈಗ ಅಂಗಡಿಯಲ್ಲಿ ಸಿಕ್ಕುವ ಇಮಿಡಾಕ್ಲೋಪ್ರಿಡ್ ಒಂದು ಗ್ರಾಮಿನ ನೂರು ಕೋಟಿ ಪಾಲು ಮಾಡಿ ಅದರಲ್ಲಿ ಕೆಲವೇ ಪಾಲು ಹೊಟ್ಟೆಗೆ ಹೋದರೂ ಒಂದು ಹುಳು ಸಾಯಬಹುದು. ಯುರೋಪಿನವರು 2018ರಲ್ಲಿ ಬಯಲಿನ ಬೆಳೆಗೆ ಇದನ್ನು ನಿಲ್ಲಿಸಿದರು.

ಗೇರಿನ ಹೂವಿಗೆ ಹುಳು ಬಾರದೆ ಕಾಯಿ ಕಚ್ಚುವುದು ಕಷ್ಟ. ಮದ್ದು ಬೇಕೇ ಬೇಕೆಂದಾದರೆ ಹೂ ಅರಳಿರುವಾಗ ಬೆಳಗ್ಗೆ ಹೊಡೆಯಬೇಡಿ. ಜೇನು ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ, ಪೆಟ್ಟಿಗೆ ಇಟ್ಟ ನೆರೆಮನೆಯವರಿಗೆ ಹಿಂದಿನ ದಿನವೇ ಹೇಳಿಕಳುಹಿಸಿ. ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಕಂಡರೆ ಸುಡಬೇಡಿ. ಕಾಯಿ ಕೀಳುವಾಗ ಕಚ್ಚುತ್ತದೆ ನಿಜ, ಚಹಾ ಸೊಳ್ಳೆಯನ್ನು ಹಿಡಿಯುವುದೂ ಅದೇ.

ಹುಳು ಸತ್ತದ್ದೆಲ್ಲ ಮದ್ದಿನಿಂದಲೇ ಎನ್ನಲೂ ಬಾರದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಬಂದು ನಮ್ಮ ಕಡೆಯ ಪೆಟ್ಟಿಗೆಗಳು ರಾಶಿರಾಶಿ ಖಾಲಿಯಾದವು. ಎಣೆಯೊಳಗೆ ಮರಿಹುಳು ನೀರು ತುಂಬಿದ ಚೀಲದ ಹಾಗಾಗಿ ಸತ್ತಿದ್ದರೆ ಆ ರೋಗ. ದೊಡ್ಡ ಹುಳುಗಳು ಪೆಟ್ಟಿಗೆಯ ಬಾಗಿಲಿನ ಮುಂದೆ ಒಮ್ಮೆಲೆ ರಾಶಿ ಬಿದ್ದು, ನಾಲಿಗೆ ಚಾಚಿ ಸತ್ತಿದ್ದರೆ ಮದ್ದಿನ ಸಂಶಯ. ಹಾಗೆ ಕಂಡ ದಿನವೇ ಅರ್ಧ ಲೋಟದಷ್ಟು ಹುಳುಗಳನ್ನು ಶುದ್ಧ ಗಾಜಿನ ಬಾಟಲಿಯಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡಿ; ಕೊಳೆತ ಹುಳುವಿನಿಂದ ಯಾವ ರಸಾಯನಶಾಸ್ತ್ರಜ್ಞನೂ ನಂಬುವಂಥ ಉತ್ತರ ಹೇಳಲಾರ. ಬಾವಿಯ ನೀರಿಗಾದರೆ ಬಣ್ಣದ ಗಾಜಿನ ಒಂದು ಲೀಟರಿನ ಬಾಟಲಿ, ಪ್ಲಾಸ್ಟಿಕ್ ಬೇಡ. ಮೇಲೆ ಚೀಟಿ ಹಚ್ಚಿ ದಿನ, ಹೊತ್ತು, ಜಾಗ, ಸುತ್ತಮುತ್ತ ಯಾವ ಮದ್ದು ಎಂದು ಹೊಡೆದದ್ದು ಎಂದು ಬರೆಯಿರಿ. ಶೇಷದ ಪರೀಕ್ಷೆ ಎಲ್ಲಿ ಮಾಡಿಸುವುದೆಂದು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಆಮೇಲೆ ಬಾಟಲಿ ತುಂಬಿ.