ನೆಗಡಿ, ಫ್ಲೂ ಮತ್ತು ಪ್ರಕೃತಿಯ ಉಪಚಾರ



ದೆಹಲಿಯ ಜನಕಪುರಿಯಲ್ಲಿ ಚಳಿಗಾಲದ ಮಂಜು ಕವಿಯಿತೆಂದರೆ ಮನೆಮನೆಗಳಲ್ಲಿಯೂ ನೆಗಡಿ, ಕೆಮ್ಮು ಕಾಣಿಸಿಕೊಳ್ಳುತ್ತವೆ. 1978ರಲ್ಲಿ ಸ್ಥಾಪಿತವಾದ ಕೇಂದ್ರೀಯ ಯೋಗ ಮತ್ತು ಪ್ರಕೃತಿ ಚಿಕಿತ್ಸಾ ಸಂಶೋಧನಾ ಪರಿಷತ್ತಿನ ಕಚೇರಿಯೂ ಇದೇ ಬಡಾವಣೆಯಲ್ಲಿದೆ. ಪ್ರಕೃತಿಯ ಉಪಚಾರದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕು.

ನೆಗಡಿಯೂ ಫ್ಲೂ ಜ್ವರವೂ ವೈರಾಣುಗಳಿಂದ ಬರುವ ರೋಗಗಳು. ಆ್ಯಂಟಿಬಯಾಟಿಕ್ ಮಾತ್ರೆಗಳು ವೈರಾಣುಗಳನ್ನು ಕೊಲ್ಲಲಾರವು. ಸಾಮಾನ್ಯ ನೆಗಡಿಯು 7ರಿಂದ 10 ದಿನಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಅಲ್ಲಿಯವರೆಗೆ ವಿಶ್ರಾಂತಿ, ಬಿಸಿನೀರು, ಗಂಜಿ, ಮೆಣಸಿನ ಸಾರು ಹಿತಕರ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರೆ, ಶುಂಠಿ ಕಷಾಯ ಕುಡಿದರೆ ಗಂಟಲಿಗೆ ಆರಾಮವೆನಿಸುತ್ತದೆ. ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪ ಕೊಡಲೇಬಾರದು. ಜಲನೇತಿಗೆ ಕುದಿಸಿ ಆರಿಸಿದ ನೀರನ್ನೇ ಬಳಸತಕ್ಕದ್ದು.

ಸೋಪಿನಿಂದ ಕೈ ತೊಳೆಯುವುದು, ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳುವುದು ರೋಗ ಹರಡದಂತೆ ತಡೆಯುವ ಸುಲಭೋಪಾಯಗಳು. ವೃದ್ಧರು, ಗರ್ಭಿಣಿಯರು, ಮಧುಮೇಹ ಮತ್ತು ಆಸ್ತಮಾ ರೋಗಿಗಳು ವೈದ್ಯರ ಸಲಹೆಯಂತೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಪಡೆಯುವುದು ಒಳಿತು.

ಉಸಿರಾಟದ ತೊಂದರೆ, ಎದೆನೋವು, ಮಂಕು ಅಥವಾ ಮೂರು ದಿನ ಮೀರಿದ ಜ್ವರ ಕಂಡುಬಂದಲ್ಲಿ ಕಷಾಯವನ್ನೇ ನಂಬಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನೆಮದ್ದು ದೇಹಕ್ಕೆ ಆಸರೆಯಾದೀತು. ವೈದ್ಯರ ಸ್ಥಾನವನ್ನು ತುಂಬಲಾರದು.