ಮೀನಿಗೆ ಔಷಧಿ ಹಾಕೋ ಮುಂಚೆ ಕಣ್ಣು ಎಣಿಸಿ

ಗೋಲ್ಡ್ ಫಿಶ್ ಕಣ್ಣು ಉಬ್ಬಿದೆ ಅಂದ ತಕ್ಷಣ ನಾವೇನ್ ಮಾಡ್ತೀವಿ? ಅಂಗಡಿಗೆ ಓಡ್ತೀವಿ, ನೀಲಿ ಬಣ್ಣದ ಬಾಟಲಿ ತಂದು ಟ್ಯಾಂಕಿಗೆ ಹನಿ ಹಾಕ್ತೀವಿ. ಸ್ವಲ್ಪ ತಡೀರಿ. ಮೊದಲು ನೋಡಬೇಕಾದ್ದು, ಉಬ್ಬಿರೋದು ಒಂದು ಕಣ್ಣಾ, ಎರಡೂ ಕಣ್ಣಾ?

ಒಂದೇ ಕಣ್ಣಾದ್ರೆ ಸಾಮಾನ್ಯವಾಗಿ ಅದು ಪೆಟ್ಟು. ಚೂಪು ಕಲ್ಲು, ಗಟ್ಟಿ ಪ್ಲಾಸ್ಟಿಕ್ ಗಿಡ, ಜಗಳಗಂಟ ಮೀನು, ಇಲ್ಲಾ ಹಿಡಿಯುವಾಗ ತಗುಲಿದ ಬಲೆ. ಕಣ್ಣು ಕಾಯೋಕೆ ಗೋಲ್ಡ್ ಫಿಶ್‌ಗೆ ರೆಪ್ಪೆನೇ ಇಲ್ಲ ನೋಡಿ. ಎರಡೂ ಕಣ್ಣು ಉಬ್ಬಿದ್ರೆ ತೊಂದರೆ ಹೆಚ್ಚಾಗಿ ನೀರಲ್ಲಿ ಅಥವಾ ಮೀನಿನ ದೇಹದೊಳಗೆ ಇರುತ್ತೆ. ಜೊತೆಗೆ ಹೊಟ್ಟೆ ಊದಿ, ಮೈಮೇಲಿನ ಹುರುಪೆಗಳು ಎದ್ದು ನಿಂತಿದ್ರೆ ಸ್ಥಿತಿ ಗಂಭೀರ. ಕಣ್ಣಿನ ಮೇಲೆ ಮಬ್ಬು ಕವಿದಿದ್ರೂ ಮೊದಲ ಅನುಮಾನ ನೀರಿನ ಮೇಲೇ ಇರಲಿ. ಅಂದಹಾಗೆ, ಬ್ಲ್ಯಾಕ್ ಮೂರ್ ತಳಿಗೆ ಉಬ್ಬುಗಣ್ಣೇ ಸಹಜ, ಅದು ರೋಗ ಅಲ್ಲ.

ಈಗ ಚಿಕಿತ್ಸೆ. ಟೆಸ್ಟ್ ಕಿಟ್‌ನಲ್ಲಿ ನೀರು ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲಾಂದ್ರೆ ಕಾಲುಭಾಗ ನೀರು ಬದಲಾಯಿಸಿ, ಸರಿಹೋಗೋವರೆಗೂ ದಿನಾ ಮಾಡಿ. ನಲ್ಲಿ ನೀರಾದ್ರೆ ಕ್ಲೋರಿನ್ ತೆಗೆಯೋ ದ್ರಾವಣ ಹಾಕಿದ ಮೇಲೇ ಬಳಸಿ. ಚೂಪು ವಸ್ತುಗಳನ್ನ ಹೊರಗಿಡಿ. ಊತ ಇಳಿಸೋಕೆ ಎಪ್ಸಮ್ ಸಾಲ್ಟ್, 20 ಲೀಟರಿಗೆ 1 ಟೀ ಚಮಚ, ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ. ಅಡುಗೆ ಉಪ್ಪು ಬೇರೆ, ಇದು ಬೇರೆ. ಆಮೇಲೆ ನೀರು ಬದಲಾಯಿಸಿದಾಗ, ಹೊಸದಾಗಿ ಹಾಕಿದ ನೀರಿಗೆ ಬೇಕಾದಷ್ಟು ಮಾತ್ರ ಸೇರಿಸಿ.

ಆಂಟಿಬಯಾಟಿಕ್? ಒಳಗಿನ ಸೋಂಕಿನ ಲಕ್ಷಣ ಇದ್ರೆ ಮಾತ್ರ. ಅದೂ ಪಶುವೈದ್ಯರನ್ನ ಕೇಳಿ, ಮೀನನ್ನ ಬೇರೆ ಟಬ್‌ನಲ್ಲಿಟ್ಟು. ಯಾಕಂದ್ರೆ ಫಿಲ್ಟರ್ ಒಳಗೆ ಅಮೋನಿಯಾನ ಕರಗಿಸೋ ಒಳ್ಳೆ ಬ್ಯಾಕ್ಟೀರಿಯಾ ಇರುತ್ತೆ. ಮುಖ್ಯ ಟ್ಯಾಂಕಿಗೆ ಔಷಧಿ ಸುರಿದ್ರೆ ಅದೂ ಸಾಯಬಹುದು. ಆ ನೀಲಿ ಬಾಟಲಿಯ ಮೆಥಿಲೀನ್ ಬ್ಲೂ ಕೂಡ ಅಷ್ಟೇ. ಆಗ ಅಮೋನಿಯಾ ಏರಿ, ಒಂದು ಮೀನಿನ ಕಾಯಿಲೆ ಇಡೀ ಟ್ಯಾಂಕಿನ ಕಾಯಿಲೆ ಆಗುತ್ತೆ. ನಾನು ಓದಿದ್ದು ಬಿ.ಕಾಂ., ಆದ್ರೆ ಈ ಲೆಕ್ಕಕ್ಕೆ ಡಿಗ್ರಿ ಬೇಡ. ಒಂದು ಕಿಟ್ ಹತ್ತಾರು ಸಲ ನೀರು ತೋರಿಸುತ್ತೆ, ಒಂದು ತಪ್ಪು ಬಾಟಲಿ ಒಂದೇ ಸಲಕ್ಕೆ ಎಲ್ಲಾ ಕೆಡಿಸುತ್ತೆ.

ಊತ ಇಳಿಯೋಕೆ ಕೆಲವು ವಾರ ಬೇಕಾಗಬಹುದು. ದಿನಾ ಒಂದೇ ಕೋನದಿಂದ ಮೊಬೈಲಲ್ಲಿ ಫೋಟೋ ತೆಗೀರಿ, ವ್ಯತ್ಯಾಸ ಗೊತ್ತಾಗುತ್ತೆ. ಕೊನೆಗೆ ಆ ಕಣ್ಣು ಹೋದ್ರೂ ಮೀನನ್ನ ಕೈಬಿಡಬೇಡಿ. ವಾಸನೆಯಿಂದ, ಮೈಪಕ್ಕದ ಗೆರೆಯಲ್ಲಿ ನೀರಿನ ಅಲುಗಾಟ ಗುರುತಿಸಿ, ಒಂಟಿಗಣ್ಣಿನ ಮೀನು ವರ್ಷಗಟ್ಟಲೆ ಆರಾಮಾಗಿ ಬದುಕಬಲ್ಲದು. ಮತ್ತೆ ಸಿಗೋಣ.