ದಿಮ್ಮಿಗೆ ತಕ್ಕ ಗರಗಸ

ಮುಂಗಾರಿನ ಗಾಳಿಗೆ ಹಿತ್ತಿಲಿನ ಹಲಸಿನ ಮರವೊಂದು ಉರುಳಿತೆನ್ನಿ. ರೆಂಬೆಗಳನ್ನೇನೋ ಕೊಡಲಿಯಿಂದ ಸವರಿಬಿಡಬಹುದು. ಬುಡದ ದಿಮ್ಮಿ ಮಾತ್ರ ಅಲ್ಲಾಡದೆ ಬಿದ್ದಿರುತ್ತದೆ. ಹಿಂದೆ ಇಂಥ ಕೆಲಸಕ್ಕೆ ಉದ್ದ ಗರಗಸದ ಎರಡು ತುದಿ ಹಿಡಿಯುವ ಇಬ್ಬರು ಆಳುಗಳು ಬರುತ್ತಿದ್ದರು. ಈಗ ಎಲ್ಲರಿಗೂ ನೆನಪಾಗುವುದು ಸರಪಳಿ ಗರಗಸ, ಅಂದರೆ ಅಂಗಡಿಯವರು ಚೈನ್‌ಸಾ ಎಂದು ಕರೆಯುವ ಯಂತ್ರ. ಅಂಗಡಿಯಲ್ಲಿ ಅದು ಹತ್ತಾರು ಬಗೆ. ಯಾವುದನ್ನು ಆರಿಸುವುದು? ಹೊರಡುವ ಮೊದಲು ಅಳತೆಯ ಟೇಪು ಹಿಡಿದು ದಿಮ್ಮಿಯ ಬಳಿಗೆ ಹೋಗಿ ಎಂಬುದೇ ನನ್ನ ಮೊದಲ ಸಲಹೆ.

ಈ ಯಂತ್ರಕ್ಕೆ ಹೆಚ್ಚಿನ ವಯಸ್ಸಾಗಿಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಎಂಬಾತ 1926ರಲ್ಲಿ ವಿದ್ಯುತ್ತಿನಿಂದಲೂ, 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಗರಗಸಗಳನ್ನು ಮಾಡಿದ. ಅವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿತ್ತು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರಗೆಲಸದವನು, ಕೊರಡನ್ನು ಕೊರೆಯುವ ದುಂಬಿಯ ಮರಿಹುಳು ತನ್ನ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುವ ರೀತಿಯನ್ನು ಗಮನಿಸಿ, 1947ರಲ್ಲಿ ಹೊಸ ಬಗೆಯ ಸರಪಳಿಯನ್ನು ಮಾರಾಟಕ್ಕೆ ತಂದ. ಇಂದಿನ ಸರಪಳಿಗಳ ಹಲ್ಲುಗಳು ಬಹುಮಟ್ಟಿಗೆ ಅದೇ ವಂಶದವು.

ಇನ್ನು ಅಳತೆಗೆ ಬರೋಣ. ನಮ್ಮಲ್ಲಿ ಮರವನ್ನು ಸುತ್ತಳತೆಯಿಂದ ಹೇಳುವ ವಾಡಿಕೆ. ಗರಗಸಕ್ಕೆ ಬೇಕಾದುದು ಅಡ್ಡಳತೆ. ಸುತ್ತಳತೆಯನ್ನು ಮೂರರಿಂದ ಭಾಗಿಸಿ, ಬಂದುದಕ್ಕಿಂತ ತುಸು ಕಡಿಮೆ ಹಿಡಿಯಿರಿ. ಐದು ಅಡಿ ಸುತ್ತಿನ ದಿಮ್ಮಿಯ ಅಡ್ಡಳತೆ ಸುಮಾರು 19 ಅಂಗುಲ. ಎಂಟು ಅಡಿ ಸುತ್ತಿನದು ಸುಮಾರು 30 ಅಂಗುಲ. ಸರಪಳಿ ಸುತ್ತುವ ಚಪ್ಪಟೆ ಪಟ್ಟಿಗೆ ಬಾರ್ ಎನ್ನುತ್ತಾರೆ. ಈ ಬಾರು ಅಡ್ಡಳತೆಗಿಂತ ಒಂದೆರಡು ಅಂಗುಲ ಉದ್ದವಿದ್ದರೆ ಕೆಲಸ ಸಲೀಸು. ಅಪರೂಪಕ್ಕೊಮ್ಮೆ ಅದಕ್ಕಿಂತ ದಪ್ಪದ ದಿಮ್ಮಿ ಬಂದರೆ, ನುರಿತವರು ಎರಡೂ ಪಕ್ಕದಿಂದ ಕೊಯ್ದು 20 ಅಂಗುಲದ ಬಾರಿನಿಂದಲೇ 30 ಅಂಗುಲದ ಮರವನ್ನು ತುಂಡರಿಸಬಲ್ಲರು. ಆದ್ದರಿಂದ ಒಂದೇ ಒಂದು ದೊಡ್ಡ ಮರಕ್ಕಾಗಿ ಅತಿ ಉದ್ದದ ಬಾರನ್ನು ಕೊಳ್ಳಬೇಕಾಗಿಲ್ಲ.

ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಬಾರಿನ ಉದ್ದ ಕಣ್ಣಿಗೆ ಕಾಣುತ್ತದೆ. ಎಂಜಿನ್ನಿನ ಶಕ್ತಿ ಕಾಣುವುದಿಲ್ಲ. ಬಾರು ಉದ್ದವಾದಷ್ಟೂ ಮರದೊಳಗೆ ಏಕಕಾಲದಲ್ಲಿ ಕಚ್ಚುವ ಹಲ್ಲುಗಳು ಹೆಚ್ಚು, ಎಂಜಿನ್ನು ಎಳೆಯಬೇಕಾದ ಭಾರವೂ ಹೆಚ್ಚು. ಚಿಕ್ಕ ಎಂಜಿನ್ನಿಗೆ ಉದ್ದ ಬಾರು ಕಟ್ಟಿದರೆ, ಹುಣಿಸೆಯಂಥ ಗಟ್ಟಿ ಮರದಲ್ಲಿ ಅದು ಏದುಸಿರು ಬಿಟ್ಟು ನಿಂತುಬಿಡುತ್ತದೆ. ಸ್ಥೂಲವಾಗಿ ಒಂದು ಲೆಕ್ಕ ಹೇಳುವುದಾದರೆ: ರೆಂಬೆ, ಸೌದೆಗೆ 35ರಿಂದ 45 ಸಿ.ಸಿ. ಎಂಜಿನ್ನು, 14ರಿಂದ 16 ಅಂಗುಲದ ಬಾರು. ಮಧ್ಯಮ ದಿಮ್ಮಿಗೆ 50ರಿಂದ 60 ಸಿ.ಸಿ., 18ರಿಂದ 20 ಅಂಗುಲ. ಅದಕ್ಕೂ ದೊಡ್ಡದಕ್ಕೆ 70 ಸಿ.ಸಿ.ಗೆ ಮೇಲ್ಪಟ್ಟದ್ದು, 24 ಅಂಗುಲ ಅಥವಾ ಹೆಚ್ಚು. ಇದು ಅಡ್ಡಲಾಗಿ ತುಂಡರಿಸುವ ಮಾತು. ಉದ್ದಕ್ಕೆ ಸೀಳಿ ಹಲಗೆ ತೆಗೆಯುವುದಾದರೆ ಹೆಚ್ಚು ಶಕ್ತಿಯೂ, ಅದಕ್ಕೆಂದೇ ಬೇರೆ ಕೋನದಲ್ಲಿ ಅರೆದ ಸರಪಳಿಯೂ ಬೇಕು.

ಸರಪಳಿಯ ಹಲ್ಲಿನ ಮೂಲೆ ಚೂಪಾಗಿದ್ದರೆ ಹಸಿ, ಶುಭ್ರ ಮರವನ್ನು ಬೇಗ ಕೊಯ್ಯುತ್ತದೆ. ಮಣ್ಣು ತಗುಲಿದರೆ ಅಷ್ಟೇ ಬೇಗ ಮೊಂಡಾಗುತ್ತದೆ. ಕೆಸರಿನಲ್ಲಿ ಎಳೆದು ತಂದ, ಒಣಗಿ ಗಟ್ಟಿಯಾದ ದಿಮ್ಮಿಗಳಿಗೆ ಮೂಲೆ ತುಸು ದುಂಡಾಗಿರುವ ಹಲ್ಲುಗಳೇ ಒಳ್ಳೆಯವು. ಗರಗಸದಿಂದ ಚಕ್ಕೆ ಚಕ್ಕೆಯಾಗಿ ಹೊಟ್ಟು ಬೀಳುತ್ತಿದ್ದರೆ ಹಲ್ಲು ಚೂಪಾಗಿದೆಯೆಂದು ತಿಳಿಯಿರಿ; ಹಿಟ್ಟಿನಂತೆ ಉದುರಿದರೆ ಅರ ಹಿಡಿಯುವ ಹೊತ್ತು ಬಂದಿದೆ.

ತೂಕವನ್ನೂ ಕೇಳಿ ನೋಡಿ. 70 ಸಿ.ಸಿ.ಯ ಯಂತ್ರ, ಬಾರು, ಸರಪಳಿ, ಪೆಟ್ರೋಲು, ಎಣ್ಣೆ ಎಲ್ಲ ಸೇರಿ ಎಂಟು ಕಿಲೋಗ್ರಾಮಿಗೂ ಮೀರಬಹುದು. ಹಣ ಕೊಡುವ ಮೊದಲು ಒಮ್ಮೆ ಕೈಯಲ್ಲಿ ಎತ್ತಿ ಹಿಡಿಯಿರಿ. ದಣಿದ ತೋಳಿನಲ್ಲಿ ಗರಗಸ ಅಪಾಯಕಾರಿ.

ಆ ಅಪಾಯವನ್ನು ಬಿಡಿಸಿ ಹೇಳಬೇಕು. ಬಾರಿನ ಮೂತಿಯ ಮೇಲ್ಭಾಗ ಮರಕ್ಕೋ ರೆಂಬೆಗೋ ತಗುಲಿದರೆ, ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಒದೆದು ಹಿಡಿದವನ ಮುಖದತ್ತ, ಕುತ್ತಿಗೆಯತ್ತ ನೆಗೆಯುತ್ತದೆ. ಹೀಗೆ ಒದೆದಾಗ ಸರಪಳಿಯನ್ನು ಥಟ್ಟನೆ ನಿಲ್ಲಿಸುವ ಬ್ರೇಕು ಮುಂದಿನ ಹಿಡಿಯ ಎದುರಿಗಿರುತ್ತದೆ. ಈ ಬ್ರೇಕಿಲ್ಲದ ಯಂತ್ರವನ್ನು, ಅದೆಷ್ಟೇ ಅಗ್ಗವಾದರೂ, ಮನೆಗೆ ತರಬೇಡಿ. ಅದು ಕೆಲಸ ಮಾಡುತ್ತದೆಯೇ ಎಂದು ಅಂಗಡಿಯಲ್ಲಿಯೇ ತೋರಿಸಿಕೊಳ್ಳಿ. ಶಿರಸ್ತ್ರಾಣ, ಮುಖಕ್ಕೆ ಜಾಲರಿ, ಕಿವಿಮುಚ್ಚಿಗೆ, ಗಟ್ಟಿ ಬೂಟು, ಸರಪಳಿಯನ್ನು ತಡೆಯುವ ಕಾಲುಡುಗೆ ಇವುಗಳ ಬೆಲೆಯನ್ನು ಗರಗಸದ ಬೆಲೆಯೊಡನೆಯೇ ಕೂಡಿಸಿ ಲೆಕ್ಕ ಹಾಕಿ. ಪೆಟ್ರೋಲ್ ಯಂತ್ರದ ಸದ್ದು ನೂರು ಡೆಸಿಬಲ್ ದಾಟುತ್ತದೆ. ಕಿವಿಗೆ ಅದು ಹಾನಿಕರ.

ಹಿತ್ತಿಲಿನ ಸಣ್ಣ ಕೆಲಸಕ್ಕೆ ವಿದ್ಯುತ್ ಗರಗಸ ಅಥವಾ ಬ್ಯಾಟರಿ ಗರಗಸ ಸಾಕು. ಹೊಗೆಯಿಲ್ಲ, ಗದ್ದಲ ಕಡಿಮೆ. ಆದರೆ ವಿದ್ಯುತ್ತಿನದಕ್ಕೆ ತಂತಿಯ ಮೇಲೆ ಸದಾ ಕಣ್ಣಿರಬೇಕು. ಬ್ಯಾಟರಿ ದೊಡ್ಡ ದಿಮ್ಮಿಯಲ್ಲಿ ಬೇಗ ಬರಿದಾಗುತ್ತದೆ. ಪೆಟ್ರೋಲಿನದಾದರೆ ಪೆಟ್ರೋಲಿಗೆ ತಯಾರಕರು ಹೇಳಿದ ಪ್ರಮಾಣದಲ್ಲಿ ಎಣ್ಣೆ ಬೆರೆಸಬೇಕು. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್. ಸರಪಳಿಗೆ ಹಾಕುವ ಎಣ್ಣೆ ಬೇರೆಯೇ. ನಿಮ್ಮ ಊರಿನಲ್ಲಿ ಬಿಡಿಭಾಗ, ರಿಪೇರಿ ಸಿಗುವ ಯಂತ್ರವನ್ನೇ ಆರಿಸಿ.

ಕಡೆಯದಾಗಿ ಒಂದು ಮಾತು. ನಿಮಗಿರುವುದು ಬಿದ್ದ ಒಂದೇ ಮರವಾದರೆ ಗರಗಸವನ್ನೇ ಕೊಳ್ಳಬೇಕೆಂದಿಲ್ಲ. ಯಂತ್ರವಿರುವ, ಕೈ ಪಳಗಿದ ಕೆಲಸಗಾರರನ್ನು ಕರೆಸಿ ಕೂಲಿ ಕೊಟ್ಟರೆ ಹಣವೂ ಉಳಿದೀತು, ಕೈಕಾಲೂ ಉಳಿದೀತು. ಇನ್ನು ನಿಂತಿರುವ ಮರವನ್ನು ಕಡಿಯುವ ಯೋಚನೆಯಿದ್ದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ. ವರ್ಷವರ್ಷವೂ ದಿಮ್ಮಿಗಳ ಕೆಲಸವಿರುವ ತೋಟದವರು ಮಾತ್ರ ಸ್ವಂತ ಯಂತ್ರದ ಯೋಚನೆ ಮಾಡಲಿ. ಅವರೂ ಮೊದಲು ತಮ್ಮ ದಿಮ್ಮಿಗಳ ಸುತ್ತಳತೆಯನ್ನು ಬರೆದುಕೊಂಡು ಅಂಗಡಿಗೆ ಹೋಗಲಿ.